ಚಹಾ ಕಾಸದ ಬಾಯ್ಲರಿಗೆ ಕಲಾಯಿ

ಕಳೆದ ಜನವರಿಯ ಎರಡನೇ ಭಾನುವಾರ ಬೆಳಿಗ್ಗೆ ಹನ್ನೊಂದು ಗಂಟೆ ಹತ್ತು ನಿಮಿಷಕ್ಕೆ, ಇಂಡಿ ಪಟ್ಟಣದ ಒಂದು ತಾಮ್ರದ ಅಂಗಡಿಯ ಕಟ್ಟೆಯ ಮೇಲೆ ನನ್ನ ಬಾಯ್ಲರ್ ಸೋರಿತು. ಒಂದೇ ಹನಿ. ಕೆಳಗೆ ಹಾಸಿದ್ದ ಹಿಂದಿನ ದಿನದ ಪತ್ರಿಕೆಯ ಪೇಟೆ ಧಾರಣೆಯ ಮೇಲೆ ಅದು ಬಿತ್ತು. ನಿಂಬೆಹಣ್ಣಿನ ದರ ಓದಲು ಬರದಂತಾಯಿತು.

ಅದು ಮಾದರಿ ಉಗಿಬಂಡಿಯ ಬಾಯ್ಲರ್. ಹಳಿಗಳ ನಡುವಿನ ಅಂತರ ಒಂದು ಗೇಣಿಗೂ ಕಡಿಮೆ, ಆದರೂ ಇಬ್ಬರನ್ನು ಕೂರಿಸಿಕೊಂಡು ಎಳೆಯಬೇಕಾದ ಬಂಡಿ. ಸುದ್ದಿಮನೆಯಿಂದ ನಿವೃತ್ತನಾದ ಮೇಲೆ ಚಕ್ರ, ಸಿಲಿಂಡರ್‌ಗಳನ್ನು ಮನೆಯ ಲೇತಿನಲ್ಲೇ ಮಾಡಿಕೊಂಡಿದ್ದೆ. ಬಾಯ್ಲರ್ ನನ್ನ ಕೈಗೆ ಮೀರಿದ್ದು. ತೊಡೆ ಗಾತ್ರದ ತಾಮ್ರದ ಕೊಳವೆ, ಒಳಗೆ ಬೆಂಕಿಗೂಡು, ಬೆರಳು ದಪ್ಪದ ಹನ್ನೆರಡು ನಳಿಗೆಗಳು, ಹಿಂದೆ ಮುಂದೆ ಮುಚ್ಚುವ ತಟ್ಟೆಗಳು. ಎಲ್ಲವನ್ನೂ ಬೆಳ್ಳಿ ಬೆಸುಗೆಯಿಂದ ಕೂಡಿಸಬೇಕು. ಹಂಡೆ, ಕೊಡ, ತಪೇಲಿ ಮಾಡಿಯೇ ತಲೆ ನರೆತ ಅಂಗಡಿಯ ಯಜಮಾನರು ಆ ಕೆಲಸ ಒಪ್ಪಿಕೊಂಡರು. ಊರಿಗೆಲ್ಲ ಅವರು ಚಾಚಾ. ಎಂಟು ತಿಂಗಳು ಹಿಡಿಯಿತು.

ಚಾಚಾರ ಮನೆತನದ ಮುದ್ರೆ ಮೂರು ಚುಕ್ಕಿ. ಪಾತ್ರೆಗೆ ನೀರು ತುಂಬಿ, ಸೋರುವುದಿಲ್ಲವೆಂದು ಖಾತ್ರಿಯಾದ ಮೇಲೇ ಅದನ್ನು ಹೊಡೆಯುವುದು ಪದ್ಧತಿ. ಮುದ್ರೆ ಬಿದ್ದ ಪಾತ್ರೆ ಸೋರಿದರೆ ಗಿರಾಕಿಯ ಎದುರೇ ಸುತ್ತಿಗೆಯಿಂದ ಒಡೆಯಬೇಕು. ಅವರ ಅಜ್ಜ ಒಮ್ಮೆ ಒಡೆದಿದ್ದರಂತೆ, ಅಪ್ಪ ಒಮ್ಮೆ. ಚಾಚಾರ ಸರದಿ ಇನ್ನೂ ಬಂದಿರಲಿಲ್ಲ. ಬಾಯ್ಲರನ್ನು ಮುಚ್ಚಿದ ಮೇಲೆ ಮುದ್ರೆಯ ಏಟಿಗೆ ಒಳಗಿನಿಂದ ಆಸರೆ ಕೊಡಲು ಆಗುವುದಿಲ್ಲವೆಂದು ಹಿಂದಿನ ತಟ್ಟೆಗೆ ಅವರು ಮೊದಲೇ ಮುದ್ರೆ ಹೊಡೆದುಬಿಟ್ಟಿದ್ದರು.

ಪರೀಕ್ಷೆಗೆಂದು ಸಿಂದಗಿಯಿಂದ ನನ್ನ ಗೆಳೆಯ ಬಂದಿದ್ದ. ಆಲಮೇಲದ ಕಡೆಯ ಸಕ್ಕರೆ ಕಾರ್ಖಾನೆಯೊಂದರಲ್ಲಿ ಬಾಯ್ಲರ್ ಕಾಯ್ದವನು. ಬಂಡಿ ಓಡುವುದು ಎಂಬತ್ತು ಪೌಂಡ್ ಒತ್ತಡದಲ್ಲಿ. ಅದರ ಎರಡರಷ್ಟು, ನೂರಾ ಅರವತ್ತು ಪೌಂಡನ್ನು ತಣ್ಣೀರಿನಿಂದ ಕೊಟ್ಟು ಅರ್ಧ ಗಂಟೆ ಕಾಯಬೇಕು. ನೀರಾದರೆ ಸೋರುತ್ತದೆ, ಉಗಿಯಾದರೆ ಸಿಡಿಯುತ್ತದೆ. ಮುದ್ದೇಬಿಹಾಳದ ಗ್ಯಾರೇಜಿನಿಂದ ಎರವಲು ತಂದ ಕೈಪಂಪನ್ನು ಗೆಳೆಯನೇ ಒತ್ತುತ್ತಿದ್ದ. ತೊಂಬತ್ತಕ್ಕೆ ಹನಿ ಬಿತ್ತು.

"ಬೆವರು ಇರಬೇಕ್ರಿ," ಎಂದರು ಚಾಚಾ.

"ಯಾರ್ದು?" ಎಂದ ಗೆಳೆಯ.

"ಬಾಯ್ಲರಿಂದು."

"ಜನವರ್ಯಾಗ?"

ಎರಡನೇ ಹನಿ ಬಿತ್ತು. ಚಾಚಾ ಒಳಗೆ ಹೋಗಿ ದೊಡ್ಡ ಸುತ್ತಿಗೆಯನ್ನು ಹಿಡಿದುಕೊಂಡು ಬಂದರು. ನಾನು ಬಾಯ್ಲರನ್ನು ತಬ್ಬಿಕೊಂಡೆ. ಅಂಗಿ ಒದ್ದೆಯಾಯಿತು.

"ಪೇಪರ್ ಸಾಹೇಬ್ರ, ಬಾಜೂಕ ಸರೀರಿ. ಮುದ್ರಿ ಬಿದ್ದೈತಿ, ಸೋರೈತಿ. ಇನ್ನ ಇದರ ಹಣೆಬರಹ ಮುಗೀತು."

"ಎಂಟು ತಿಂಗಳ ಕೆಲಸ ಐತ್ರಿ ಚಾಚಾ!"

"ನಮ್ಮಪ್ಪ ಒಡದದ್ದು ವರ್ಷದ ಕೆಲಸ."

"ತಡೀರಿ," ಎಂದ ಗೆಳೆಯ. "ಒಡ್ಯೂದು ಎಲ್ಲೂ ಓಡಿ ಹೋಗೂದಿಲ್ಲ. ಯಾಕ ಸೋರಿತು, ಮೊದಲ ಅದನ್ನ ನೋಡೂಣು."

ನೀರು ಚೆಲ್ಲಿ, ಮೇಲಿನ ಸುರಕ್ಷಾ ಕವಾಟದ ತೂತಿನಿಂದ ಟಾರ್ಚ್ ಬಿಟ್ಟು ನೋಡಿದ. ಬಹಳ ಹೊತ್ತು ನೋಡಿದ.

"ಹಿಂದಿನ ತಟ್ಟಿ ಒಳಗ ಬೆಳ್ಳಗ ಹೊಳ್ಯಾಕತ್ತೈತಿ. ತಾಮ್ರ ಯಾವಾಗಿಂದ ಬೆಳ್ಳಗಾತು, ಚಾಚಾ?"

ಚಾಚಾ ಸುತ್ತಿಗೆಯನ್ನು ಇನ್ನೊಂದು ಕೈಗೆ ಬದಲಾಯಿಸಿಕೊಂಡರು. "ಕಲಾಯಿ ಹಾಕೇನಿ."

"ಯಾವಾಗ?" ಎಂದೆ.

"ನೀವು ಬಾಗೇವಾಡಿಗೆ ಮದವಿಗೆ ಹೋಗಿದ್ರಲ್ಲ, ಅವತ್ತು. ಒಲಿ ಮ್ಯಾಲೆ ಇಡೂ ತಾಮ್ರ ಕಲಾಯಿ ಇಲ್ದ ನಮ್ಮ ಅಂಗಡಿ ಹೊಸ್ತಿಲಾ ದಾಟಿಲ್ರಿ. ನಾಳೆ ಯಾರರ ಇದರಾಗ ಚಹಾ ಕಾಸಿದ್ರ? ಅವರ ಹೊಟ್ಟಿ ಕೆಟ್ರ ಹೆಸರು ಯಾರ್ದು ಹೋಗ್ತೈತಿ?"

"ಇದರಾಗ ಚಹಾಪುಡಿ ಎಲ್ಲಿಂದ ಹಾಕ್ತಾರ್ರಿ?"

ಚಾಚಾ ಸುರಕ್ಷಾ ಕವಾಟದ ತೂತು ತೋರಿಸಿದರು. "ಇಲ್ಲಿಂದ."

ಕಲಾಯಿಯ ತವರ ತಾಗಿದ ತಾಮ್ರಕ್ಕೆ ಬೆಳ್ಳಿ ಬೆಸುಗೆ ಕಚ್ಚುವುದಿಲ್ಲ. ಕಚ್ಚಿದಂತೆ ಕಂಡರೂ ಒತ್ತಡ ಏರಿದಾಗ ಕೈ ಬಿಡುತ್ತದೆ. ಕಲಾಯಿ ಬಲ್ಲವರು ಮಾತ್ರ ಮಾಡಬಹುದಾದ ತಪ್ಪು ಇದು. ಅದೇ ಜಾಗಕ್ಕೆ ಮತ್ತೆ ಬೆಸುಗೆ ಹಾಕಿದರೂ ನಿಲ್ಲುವುದಿಲ್ಲ ಎಂದು ಗೆಳೆಯ ವಿವರಿಸಿದ. ಆಮೇಲೆ ಕಾರ್ಖಾನೆಯ ವಿಚಾರಣೆಯ ಧಾಟಿಯಲ್ಲಿ ಕೇಳಿದ:

"ಮುದ್ರಿ ಎಲ್ಲೈತಿ?"

"ಹಿಂದಿನ ತಟ್ಟಿ ಮ್ಯಾಲ."

"ಕಲಾಯಿ?"

"ಅದಕ್ಕ ಅಷ್ಟ. ಉಳಿದದ್ದಕ್ಕ ಕೈ ಮುಟ್ಟಲಿಲ್ಲ."

"ಸೋರಿದ್ದು?"

"ಅಲ್ಲೇ."

"ಹಂಗಾದ್ರ ಗುನ್ನೆ ಮಾಡಿದ್ದು ತಟ್ಟಿ. ಬಾಯ್ಲರ್ ಸಾಕ್ಷಿ ಅಷ್ಟ. ಸಾಕ್ಷಿದಾರನ ತಲಿ ಒಡೀತಾರೇನು?"

ಚಾಚಾ ಕಟ್ಟೆಯ ಮೇಲೆ ಕುಳಿತು ಒಂದು ಬೀಡಿ ಪೂರ್ತಿ ಸೇದಿದರು. ಕೊನೆಗೆ ನನ್ನತ್ತ ತಿರುಗಿದರು. "ಪೇಪರಿನ್ಯಾಗ ಇಂಥಾ ನ್ಯಾಯ ನಡೀತೈತೇನ್ರಿ?"

"ನಡೀತೈತ್ರಿ," ಎಂದೆ. ಆಗಲೂ ಬಾಯ್ಲರ್ ಬಿಟ್ಟಿರಲಿಲ್ಲ.

ತಟ್ಟೆಯನ್ನು ಕೊಯ್ದು ತೆಗೆಯಲು ನಾಲ್ಕು ದಿನ ಹಿಡಿಯಿತು. ತವರ ತಾಗಿದ ಅರ್ಧ ಇಂಚು ಕೊಳವೆಯೂ ಹೋಯಿತು. ಕಿತ್ತ ತಟ್ಟೆಯನ್ನು ಚಾಚಾ ನನ್ನೆದುರು ಅಡಿಗಲ್ಲಿನ ಮೇಲಿಟ್ಟು, ಮೂರು ಚುಕ್ಕಿಯ ಮೇಲೆ ಒಂದೇ ಏಟು ಹೊಡೆದರು. ಹೊಸ ತಟ್ಟೆಗೆ ಕಲಾಯಿಯೂ ಹಾಕಲಿಲ್ಲ, ಮುದ್ರೆಯೂ ಹೊಡೆಯಲಿಲ್ಲ. ಬೆಸುಗೆಯ ದಿನ ಕಲಾಯಿಯ ಡಬ್ಬಿಯನ್ನು ತಾವಾಗಿಯೇ ಪಕ್ಕದ ಕಿರಾಣಿ ಅಂಗಡಿಯಲ್ಲಿ ಇಟ್ಟು ಬಂದರು.

ಮಾರ್ಚಿನ ಮೊದಲ ಭಾನುವಾರ ಎರಡನೇ ಪರೀಕ್ಷೆ. ಹೊಸ ಪತ್ರಿಕೆ ಹಾಸಿದೆವು. ಮುಳ್ಳು ನೂರಾ ಅರವತ್ತಕ್ಕೆ ಏರಿ ನಿಂತಿತು. ಚಾಚಾ ಬಾಯ್ಲರಿನ ಮೇಲೆ ಬಗ್ಗಿ ಪತ್ರಿಕೆಯನ್ನೇ ನೋಡುತ್ತಿದ್ದರು. ಇಪ್ಪತ್ತೆರಡನೇ ನಿಮಿಷಕ್ಕೆ ಒಂದು ಹನಿ ಬಿತ್ತು.

ಚಾಚಾ ಕಣ್ಣು ಮುಚ್ಚಿದರು. ಗೆಳೆಯ ಮುಳ್ಳು ನೋಡಿದ, ಅದು ಅಲುಗಿರಲಿಲ್ಲ. ಹನಿಗೆ ಬೆರಳು ಅದ್ದಿ ನಾಲಗೆಗೆ ಮುಟ್ಟಿಸಿದ.

"ಉಪ್ಪೈತಿ. ಬಾಯ್ಲರಿಂದಲ್ಲ, ಚಾಚಾಂದು. ಹಿಂದಕ ಸರೀರಿ, ಪರೀಕ್ಷಾ ಹಾಳ ಮಾಡಬ್ಯಾಡ್ರಿ."

ಉಳಿದ ಎಂಟು ನಿಮಿಷವನ್ನು ಚಾಚಾ ರಸ್ತೆಯ ಆಚೆ ಬದಿಯಲ್ಲಿ ನಿಂತು ಕಳೆದರು. ಅರ್ಧ ಗಂಟೆ ತುಂಬಿದಾಗಲೂ ಮುಳ್ಳು ನೂರಾ ಅರವತ್ತರಲ್ಲೇ ಇತ್ತು. ಕೊಳವೆಯ ಮುಂದಿನ ಅಂಚು ಮುಂಬದಿಯ ತಟ್ಟೆಯನ್ನು ದಾಟಿ ಹೊರಚಾಚಿದೆ. ಒಳಗೆ ಕಬ್ಬಿಣದ ದಿಂಡಿನ ಆಸರೆ ಕೊಟ್ಟು ಚಾಚಾ ಅಲ್ಲಿ ಮೂರು ಚುಕ್ಕಿ ಹೊಡೆದರು.

ಮೊನ್ನೆ ಸೋಮವಾರ ಅಂಗಡಿಗೆ ಹೋಗಿದ್ದೆ. ಹಳೆಯ ತಟ್ಟೆ ಚಾಚಾರ ಚಹಾದ ತಪೇಲಿಯ ಮುಚ್ಚಳವಾಗಿತ್ತು, ಕಲಾಯಿಯ ಬದಿ ಒಳಗೆ. ಬೆಂಕಿಗೂಡಿಗೆ ಕಲ್ಲಿದ್ದಲು ಹಾಕಲೆಂದು ಅದರಲ್ಲಿ ಕೊರೆದಿದ್ದ ತೂತಿನಿಂದ ಉಗಿ ಬರುತ್ತಿತ್ತು.