ಆಯಿ ಬಿಟ್ಟುಕೊಟ್ಟ ಕಿವುಡು

ಮೊನ್ನೆ ಯಾದಗಿರಿ ಬಸ್ ನಿಲ್ದಾಣದಲ್ಲಿ ಪಕ್ಕದಲ್ಲಿ ಕುಳಿತವರೊಬ್ಬರಿಗೆ ಕೆಮ್ಮು ಬಂತು. ಮಾಸ್ಕ್ ಹಾಕಿದ್ದರು. ಅದನ್ನು ಗದ್ದಕ್ಕಿಳಿಸಿ, ನನ್ನ ಕಡೆ ತಿರುಗಿ ಮನಸಾರೆ ಕೆಮ್ಮಿ, ಮತ್ತೆ ಏರಿಸಿಕೊಂಡರು. ಮಾಸ್ಕ್ ಹೊಲಸಾಗಬಾರದಲ್ಲ! ನಿಮಗೆ ನಗು ಬರಬಹುದು. ನನಗೆ ಕೊರೊನಾ ಕಾಲದ ನಮ್ಮ ಸುರಪುರದ ಮನೆ ನೆನಪಾಯಿತು.

ಅಪ್ಪನ ತಾಯಿ, ನಮ್ಮ ಆಯಿಗೆ ಆಗಲೇ ಎಂಬತ್ತು ದಾಟಿತ್ತು, ಜೊತೆಗೆ ದಮ್ಮು. ಈ ರೋಗ ತಗುಲಿದರೆ ಉಳಿಯುವುದು ಕಷ್ಟ ಎಂದಿದ್ದರು ಡಾಕ್ಟರು. ಅವಳನ್ನು ಕಾಯುವ ಹೊಣೆ ನನ್ನ ಮೇಲೆ ಬಿತ್ತು. ಮನೆಯಲ್ಲಿ ತಾರೀಖು ಹಾಕಿ ಡೈರಿ ಬರೆಯುವವನು ನಾನೊಬ್ಬನೇ. ಬರೆಯುವವನಿಗೆ ಬೇರೆ ಕೆಲಸವಿರುವುದಿಲ್ಲ ಎಂದು ಎಲ್ಲರ ನಂಬಿಕೆ. ಆಯಿಯನ್ನು ಒಳಕೋಣೆಯಲ್ಲಿ ಕೂರಿಸಿ ಹೊಸ್ತಿಲಲ್ಲಿ ಸಾಬೂನು ಇಟ್ಟೆ. ಡೈರಿಯಲ್ಲಿ ಬಂದವರಿಗೊಂದು ಗೀಟು, ಕೈ ತೊಳೆದವರಿಗೊಂದು ಗೀಟು. ಮೊದಲಿನವು ಬೆಳೆದವು, ಎರಡನೆಯವು ಸಂಕೋಚದಿಂದ ಅಲ್ಲೇ ಉಳಿದವು.

ನಮ್ಮ ಕಡೆ ಮುದುಕಿಯನ್ನು ಕೋಣೆಯೊಳಗೆ ಇಟ್ಟಿದ್ದಾರೆಂದರೆ ಕಡೆಗಾಲ ಬಂತೆಂದೇ ಅರ್ಥ. ಹೋಗಿ ಮಾತಾಡಿಸದಿದ್ದರೆ ಜನ ಏನಂದಾರು? ಆಯಿಯ ಕಿವಿ ಬೇರೆ ಮಂದ. ದೂರದಿಂದ ಏನು ಹೇಳಿದರೂ “ಆಂ?” ಎನ್ನುವಳು. ಹೀಗಾಗಿ ಬಂದವರು ಮಾಸ್ಕ್ ಇಳಿಸಿ, ಅವಳ ಕಿವಿಗೆ ಬಾಯಿ ಹಚ್ಚಿ ಕೂಗುವರು: “ಯಾರನ್ನೂ ಹತ್ರ ಬಿಟ್ಕೊಬ್ಯಾಡ್ರಿ ಆಯಿ! ಮಂದಿಗಿ ಅಕಲ್ ಇಲ್ಲ!”

ಇಷ್ಟು ಕಾಳಜಿ ಇರುವಲ್ಲಿ ವೈರಾಣು ನಡೆದು ಬರುವ ಕಷ್ಟ ಯಾಕೆ ಪಡಬೇಕು?

ಒಂದು ದಿನ ದೋರನಹಳ್ಳಿಯಿಂದ ನಮ್ಮ ಸೋದರತ್ತೆಯ ಗಂಡ ನಿಂಗಣ್ಣ ಮಾವ ಬಂದರು. ಮನೆಯ ಅಳಿಯ, ಅವರಿಗೆ ಸಾಬೂನು ತೋರಿಸುವ ಧೈರ್ಯ ಅಪ್ಪನಿಗೂ ಇರಲಿಲ್ಲ.

“ಸೈದಾಪುರದಾಗ ನಮ್ಮ ದೋಸ್ತ್ ಜ್ವರ ಬಂದು ಮಲಗ್ಯಾನ. ನಿನ್ನಿ ದಿನಪೂರ್ತಿ ಅವನ ಬಾಜೂನೇ ಕುಂತಿದ್ದೆ,” ಎಂದು ಹೆಮ್ಮೆಯಿಂದ ಹೇಳುತ್ತ, ನಡುನಡುವೆ ಕೆಮ್ಮುತ್ತ ಒಳಕೋಣೆಗೆ ನಡೆದರು. ನಾನು ಅಡ್ಡ ನಿಂತೆ.

“ಸರಿಯಲೇ, ದೊಡ್ಡ ಡಾಕ್ಟರ್ ಆಗೀಯೇನ್?” ಎಂದು ನನ್ನನ್ನು ಪಕ್ಕಕ್ಕೆ ತಳ್ಳಿದರು. ಮಾಸ್ಕ್ ಗದ್ದಕ್ಕಿಳಿಯಿತು.

“ಅಲ್ಲೇ ನಿಂದರ್ರಿ ಅಳಿಯಾರ,” ಎಂದಳು ಆಯಿ. “ಮಾರಿ ಮುಚ್ಕೊಂಡು ಅಲ್ಲಿಂದ್ಲೇ ಮಾತಾಡ್ರಿ. ಮೆಲ್ಲಕ ಅಂದ್ರೂ ಕೇಳಸ್ತದ ನನಗ.”

ಮಾವ ನಿಂತರು. ಚಹಾ ತರುತ್ತಿದ್ದ ಅವ್ವನೂ ನಿಂತಳು. ಅತ್ತೆಯಾದ ಆಯಿಯ ಮೇಲಿನ ಸಿಟ್ಟನ್ನು ಅಷ್ಟು ವರ್ಷ ಆಯಿಯ ಎದುರಿಗೇ ಕೂತು ಗೊಣಗಿದವಳು ಅವಳು.

“ಯಾವಾಗಿಂದ ಕೇಳಸ್ತದ್ರಿ?”

“ನೀ ಈ ಮನಿಗಿ ಬಂದಾಗಿಂದ.”

ಆ ಕಿವುಡೇ ನಮ್ಮ ಮನೆಯ ಶಾಂತಿಯ ಬುನಾದಿಯಾಗಿತ್ತು. ಜೀವ ಉಳಿಸಿಕೊಳ್ಳಲು ಆಯಿ ಅದನ್ನು ಬಿಟ್ಟುಕೊಟ್ಟಳು. ಮಾವ ಚಹಾ ಕುಡಿಯದೆ ಹೊರಟುಹೋದರು. ಅದೇ ವಾರ ಜ್ವರ ಬಂದು ಮಲಗಿದರು, ಗುಣವಾದರು, ತಪ್ಪನ್ನೆಲ್ಲ ಸೈದಾಪುರದ ನೀರಿನ ಮೇಲೆ ಹೊರಿಸಿದರು. ಆಯಿಗೆ ಏನೂ ಆಗಲಿಲ್ಲ. ಅವ್ವ ಮಾತ್ರ ಈಗ ಗೊಣಗಲು ಹಿತ್ತಲಿಗೆ ಹೋಗುತ್ತಾಳೆ.

ನನ್ನನ್ನು ಕಾಡುತ್ತಿದ್ದುದು ಬೇರೆ. ಆ ದಿನಗಳಲ್ಲಿ ಅಪ್ಪ, ದೊಡ್ಡಪ್ಪ ಆಯಿಯ ಮಂಚದ ಪಕ್ಕದಲ್ಲೇ ಕೂತು, ಅವಳು ಹೋದರೆ ಮಣ್ಣು ಮಾಡಲು ಸರ್ಕಾರದವರು ಎಷ್ಟು ಜನರನ್ನು ಬಿಟ್ಟಾರು ಎಂದು ಲೆಕ್ಕ ಹಾಕಿದ್ದರು. ಮೊನ್ನೆ ಮನೆ ಸೇರಿದವನು, ಕೈ ತೊಳೆದು, ಒಂದು ಮಾರು ದೂರ ಕೂತು, ಮೆಲುದನಿಯಲ್ಲಿ ಕೇಳಿಯೇಬಿಟ್ಟೆ: “ಅದೂ ಕೇಳ್ಸಿತ್ತೇನ್ ಆಯಿ?”

“ಕೇಳ್ಸಿತ್ತಪ್ಪ. ನಾಕೈದು ಮಂದಿ ಅಂದ್ರು. ಇಡೀ ಊರಿನ ಮಣ್ಣಿಗಿ ಹೋಗಿ ಬಂದಾಕಿ ನಾ. ಬರೇ ಅಷ್ಟು ಮಂದಿ ಸಲುವಾಗಿ ಯಾರು ಸಾಯ್ತಾರ?”