ನೀರು ಬಿಟ್ಟ ದಿನದ ದಿಬ್ಬಣ

ನನ್ನ ಮದುವೆಯ ದಿನವೇ ಕಾಲುವೆಗೆ ಮೊದಲ ನೀರು ಬಿಡುತ್ತಾರೆಂದು ಗೊತ್ತಾದಾಗ ಲಗ್ನಪತ್ರಿಕೆ ಹಂಚಿ ಆಗಿತ್ತು. ಮಂತ್ರಿಗಳು ಬರುತ್ತಾರೆ, ಮಸ್ಕಿಯಿಂದ ಸಿಂಧನೂರಿನ ಕಡೆಗೆ ರಸ್ತೆ ಬಂದ್, ಬಸ್ಸುಗಳೆಲ್ಲ ಕಾರ್ಯಕ್ರಮಕ್ಕೆ ಜನರನ್ನು ಒಯ್ಯಲು ಹೋಗುತ್ತವೆ ಎಂದು ಕಂಡಕ್ಟರೊಬ್ಬ ಅಪ್ಪನಿಗೆ ಹೇಳಿದ್ದ. ನಮ್ಮದು ಗುರುಗುಂಟಾ. ಗಂಡಿನ ಊರು ಬಳಗಾನೂರಿನ ಆಚೆ. ಅಕ್ಕಿಕಾಳು ಬೀಳಬೇಕಾದದ್ದು ಅವರ ಮನೆಯ ಮುಂದೆ, ಮಧ್ಯಾಹ್ನ.

ಅಪ್ಪನಿಗೆ ಊಟ ಸೇರದಾಯಿತು. ಕೊನೆಗೆ ದಾರಿ ಹುಡುಕಿದ್ದು ಮಸ್ಕಿಯಲ್ಲಿದ್ದ ಸೋದರಮಾವ. ಹಿಂದಿನ ದಿನವೇ ಬಸ್ಸಿನಲ್ಲಿ ಹೋಗಿ ಅವನ ಮನೆಯಲ್ಲಿ ಉಳಿಯುವುದು; ನಸುಕಿನಲ್ಲಿ ಎರಡು ಬಂಡಿ ಹೂಡಿ ಹೊಲದ ದಾರಿ ಹಿಡಿಯುವುದು. ಆ ದಾರಿಗೆ ಅಡ್ಡಲಾಗಿ, ಗಂಡಿನ ಊರಿನ ಹತ್ತಿರ, ಹೊಸ ಕಾಲುವೆ ತೋಡಿದ್ದರು. ಸೇತುವೆ ಇದ್ದದ್ದು ದೊಡ್ಡ ರಸ್ತೆಗೆ ಮಾತ್ರ.

“ಕಾಲುವಿ ಒಣಗೇ ಐತಿ, ಇಳಿದು ಹತ್ತಿದ್ರ ಆತು. ನೀರು ಬಿಡೋದು ಮಧ್ಯಾಹ್ನಕ್ಕ,” ಎಂದ ಮಾವ.

ಕಾಲುವೆ ಮುಟ್ಟಿದಾಗ ಬಿಸಿಲು ಏರಿತ್ತು. ಏರಿಯ ಮೇಲಿದ್ದ ಕಾವಲುಗಾರ ಕೈ ಅಡ್ಡ ಹಿಡಿದ.

“ಎಲ್ಲಿಗೆ ಹೊಂಟೀರಿ?”

“ಲಗ್ನಕ್ಕರಿ. ನೀರು ಬರೋದ್ರೊಳಗ ದಾಟ್ತೀವಿ,” ಎಂದರು ಅಪ್ಪ.

“ಮಂತ್ರಿಗಳು ಬರೋ ಹೊತ್ತಿಗೆ ನೀರು ಕಾಣಬೇಕಂತ ಮ್ಯಾಲೆ ಆಗ್ಲೇ ಬಿಟ್ಟಾರ. ಇಲ್ಲಿಗೆ ಯಾವಾಗ ಬರತೈತೊ ನನಗೂ ಗೊತ್ತಿಲ್ಲ. ದಾಟೋದಾದ್ರ ಈಗ್ಲೇ ದಾಟ್ರಿ, ಇಲ್ಲಾಂದ್ರ ಹೊಳ್ಳಿ ಹೋಗ್ರಿ.”

ಅಪ್ಪ ಮಾವನ ಮುಖ ನೋಡಿದರು. ಮಾವ ಮುಂದಿನ ಬಂಡಿಗೆ ಕೈ ಮಾಡಿದ. ಅವ್ವ, ಅತ್ತಿಗೆ ಕೂತಿದ್ದ ಆ ಬಂಡಿ ಇಳಿಯಿತು, ಏದುಸಿರು ಬಿಡುತ್ತ ಆಚೆ ಏರಿಯನ್ನೂ ಹತ್ತಿತು. ನಮ್ಮದು ನಡುವೆ ಹೂತುಹೋಯಿತು. ಹಿಂದಿನ ವಾರದ ಮಳೆಗೆ ತಳದ ಎರೆಮಣ್ಣು ಇನ್ನೂ ಹಸಿಯಿತ್ತು.

“ನೀ ಇಳಿ! ಆಚಿ ಏರಿ ಹತ್ತು!” ಎಂದು ಅಪ್ಪ ನನ್ನನ್ನು ನೂಕಿದರು. ಅರಿಶಿಣದ ಸೀರೆ ಎತ್ತಿ ಕಟ್ಟಿ ಓಡಿದೆ. ಅರ್ಧ ಏರಿದಾಗ ಸದ್ದು ಕೇಳಿತು, ರಾಶಿಯ ಕಣದಲ್ಲಿ ಜೋಳ ತೂರಿದ ಹಾಗೆ. ತಿರುಗಿದರೆ ಕಾಲುವೆಯ ತಿರುವಿನಲ್ಲಿ ಕೆಂಪು ನೊರೆ, ಕಸಕಡ್ಡಿ ಹೊತ್ತು, ಅವಸರವಿಲ್ಲದೆ ಬರುತ್ತಿತ್ತು. ಅಷ್ಟು ನೀರು ನಾನು ಎಂದೂ ಕಂಡಿರಲಿಲ್ಲ.

“ಬಂಡಿ ಬಿಡ್ರಿ, ಬರ್ರಿ!” ಎಂದು ಅವ್ವ ಚೀರಿದಳು.

“ಎತ್ತು ಬಿಟ್ಟು ಹೆಂಗ ಬರಲಿ?” ಎಂದ ಮಾವ. ಅವನು ಬಲಗಡೆಯ ಎತ್ತಿನ ಕೊರಳ ಹಗ್ಗ ಬಿಚ್ಚುತ್ತಿದ್ದ. ಎಡಗಡೆಯದರ ಗಂಟು ಅಪ್ಪನಿಗೆ ಬಿಚ್ಚಲು ಬರುತ್ತಿರಲಿಲ್ಲ. ನಾನು ಹೊಳ್ಳಿ ಇಳಿದೆ. ಗಂಟು ಕೆಸರು ಕುಡಿದು ಬಿಗಿದಿತ್ತು. ಹಲ್ಲು ಹಾಕಿ ಎಳೆದೆ. ಗಂಟು ಸಡಿಲುವಷ್ಟರಲ್ಲಿ ನೀರು ಮೊಣಕಾಲಿಗೆ ಬಂತು. ಎತ್ತು ಬೆದರಿ ನೀರು ಹರಿಯುವ ಕಡೆಗೇ ಎಳೆಯತೊಡಗಿತು.

ಆಗ ಆಚೆ ಏರಿಯಿಂದ ಕಚ್ಚೆ ಹಾಕಿದ ಹೆಂಗಸೊಬ್ಬಳು ದಡದಡ ಇಳಿದು ಬಂದು ಮೂಗುದಾಣ ಹಿಡಿದಳು. “ಹೋ, ಹೋ, ನನ್ನಪ್ಪಾ,” ಎನ್ನುತ್ತ ಎತ್ತನ್ನು ತಿರುಗಿಸಿದಳು. ಅದರ ಹಿಂದೆಯೇ ನಾವೆಲ್ಲ ತೆವಳಿಕೊಂಡು ಮೇಲೆ ಬಂದೆವು. ಬಂಡಿ ನೀರಲ್ಲಿ ವಾಲಿತು. ನನ್ನ ಸೀರೆಗಳಿದ್ದ ಟ್ರಂಕು ತೇಲಿ ಹೋಯಿತು.

ಹೆಂಗಸು ನನ್ನ ಬಾಯಿಯ ಕೆಸರು ನೋಡಿದಳು. “ನೀ ಹುಡುಗಿ ಕಡೀಯಾಕೇನವಾ?”

“ನಾನ ಹುಡುಗಿ ರೀ.”

ಅವಳು ಎತ್ತಿನ ಮೂಗುದಾಣ ಅಪ್ಪನ ಕೈಗೆ ಕೊಟ್ಟಳು. ಆಮೇಲೆ ಸೆರಗಿನಿಂದ ನನ್ನ ಮುಖ ಒರೆಸಿದಳು. “ನಾ ನಿನ್ನ ಅತ್ತಿ. ಹೆಣ್ಣು ನೋಡಾಕ ನಾ ಬಂದಿದ್ದಿಲ್ಲ. ಇವತ್ತು ಹೊತ್ತಾತಂತ ದಾರಿ ನೋಡಾಕ ಬಂದಿದ್ದೆ.”

ಮುಹೂರ್ತ ಮೀರಿತ್ತು. ಹಿರಿಯರು ಗೊಣಗಿದರು. ಅತ್ತೆ ಲಗ್ನ ಮಾಡಿಸುವ ಸ್ವಾಮಿಗಳಿಗೆ, “ಇನ್ನೊಂದು ಗಳಿಗಿ ನೋಡ್ರಿ. ಜೀವ ಉಳಿಸಿಕೊಂಡು ಬಂದಾರ,” ಎಂದಷ್ಟೇ ಹೇಳಿದರು. ಹೊತ್ತು ಇಳಿದ ಮೇಲೆ ಅವರದೇ ಇಳಕಲ್ ಸೀರೆ ಉಟ್ಟು ಹಸೆಗೆ ಕೂತೆ. ಸೋದರಮಾವ ಮಾತ್ರ ಊಟಕ್ಕೆ ಏಳಲಿಲ್ಲ. “ಒಣಗೇ ಐತಿ ಅಂದವ ನಾನ,” ಎನ್ನುತ್ತ ಹಿತ್ತಲಲ್ಲಿ ಎತ್ತುಗಳ ಮೈ ತಿಕ್ಕುತ್ತ ಕೂತಿದ್ದ.