ಬೆಕ್ಕು ಕೆದಕಬಾರದ ಮೂಲೆ

ಮೊನ್ನೆ ಕಿತ್ತಳೆ ಸುಲಿಯುವಾಗ ಸಿಪ್ಪೆಯ ಘಾಟು ಮೂಗಿಗೆ ಬಡಿಯಿತು. ಎಷ್ಟೋ ವರ್ಷಗಳ ಹಿಂದಿನ ಪಕ್ಕದ ಮನೆಯ ಅಕ್ಕ ನೆನಪಾದರು...

ಐವತ್ತರ ದಶಕದ ಕೊನೆಯಲ್ಲಿ ನಾನು ಮದುವೆಯಾಗಿ ನರಿಕೊಂಬಿನಿಂದ ಮೂಡುಬಿದಿರೆಗೆ ಬಂದೆ. ತವರಿನ ಬೆಕ್ಕನ್ನೂ ಬುಟ್ಟಿಯಲ್ಲಿಟ್ಟು ತಂದಿದ್ದೆ. ಹೊಸ ಮನೆಯಲ್ಲಿ ನನಗೆ ಸಲಿಗೆಯಿದ್ದದ್ದು ಅದರೊಂದಿಗೆ ಮಾತ್ರ. ಪಕ್ಕದಲ್ಲಿ ಜೈನ ದಂಪತಿ ಇದ್ದರು. ಅಕ್ಕನಿಗೆ ನಲವತ್ತರ ಆಸುಪಾಸು, ಮಕ್ಕಳಿರಲಿಲ್ಲ. ಅವರ ಹಿತ್ತಲಿನ ಮೆತ್ತನೆಯ ಮಣ್ಣೆಂದರೆ ಕೇರಿಯ ಬೆಕ್ಕುಗಳಿಗೆಲ್ಲ ಪ್ರೀತಿ. ಬಸಳೆಯ ಬುಡ ಕೆದಕಿದರೂ ಅಕ್ಕ ಸುಮ್ಮನಿರುತ್ತಿದ್ದರು. ಆದರೆ ಅಬ್ಬಲಿಗೆ ಹೂವಿನ ಗಿಡಗಳಿದ್ದ ಮೂಲೆಗೆ ಬೆಕ್ಕೊಂದು ಕಾಲಿಟ್ಟರೆ ಸಾಕು, ಒಲೆಯ ಮೇಲಿನ ಹಾಲನ್ನೂ ಬಿಟ್ಟು ಓಡಿ ಬರುತ್ತಿದ್ದರು. ಅಲ್ಲಿ ನಿಂಬೆಯ ಮುಳ್ಳು ಹಾಸುತ್ತಿದ್ದರು, ಕಿತ್ತಳೆ ಸಿಪ್ಪೆ ಹರಡುತ್ತಿದ್ದರು, ನೀರು ಎರಚುತ್ತಿದ್ದರು. ಕಲ್ಲು ಮಾತ್ರ ಎತ್ತಿದವರಲ್ಲ.

ಒಂದು ಆಟಿ ತಿಂಗಳ ಮಳೆಗೆ ಮುಳ್ಳೆಲ್ಲ ಕೊಚ್ಚಿಹೋಯಿತು. ಮಳೆ ಬಿಟ್ಟ ಹೊತ್ತಿಗೆ ನನ್ನ ಬೆಕ್ಕೇ ಆ ಮೂಲೆಯನ್ನು ಕೆದಕಿತು. ಅಕ್ಕ ಅದನ್ನು ದೂಡಿ, ಕೆಸರಲ್ಲೇ ಮಂಡಿಯೂರಿ, ಮಣ್ಣನ್ನು ಎರಡೂ ಕೈಯಲ್ಲಿ ಒತ್ತತೊಡಗಿದರು.

ನನ್ನ ಅತ್ತೆ ಎರಡು ಮನೆಗಳ ನಡುವಿನ ಪಾಗಾರದ ಗೋಡೆಯ ಬಳಿ ಬಂದು, "ಒಂದು ಅಬ್ಬಲಿಗೆಗೆ ಇಷ್ಟು ರಂಪವಾ? ನಾಳೆಯೇ ಈ ಬೆಕ್ಕನ್ನು ಗೋಣಿಯಲ್ಲಿ ಹಾಕಿ ಸಿದ್ಧಕಟ್ಟೆಯ ಕಡೆ ಬಿಟ್ಟು ಬರುವ," ಎಂದರು.

ಅಕ್ಕ ತಲೆಯೆತ್ತದೆ ಹೇಳಿದರು, "ಬೇಡ. ಅದು ಬಸುರಿ ಉಂಟು."

ಅತ್ತೆ ಒಳಗೆ ಹೋದ ಮೇಲೆ ನಾನು ಅಳುತ್ತಾ ಹೋಗಿ ಅಕ್ಕನ ಪಕ್ಕ ಕುಳಿತೆ. ಅಕ್ಕ ಮೆಲ್ಲಗೆ ಅಂದರು, "ಅಬ್ಬಲಿಗೆಗಲ್ಲ ಮಾರಾಯ್ತಿ. ನನ್ನ ಮಗು ಇಲ್ಲಿ ಉಂಟು. ಹೆಸರಿಡುವ ಮೊದಲೇ ಹೋಯ್ತು. ಇವರು ಇಲ್ಲೇ ಮಣ್ಣು ಮಾಡಿದ್ರು. ಮತ್ತೆ ಯಾರೂ ಅದರ ಮಾತೆತ್ತಲಿಲ್ಲ."

"ಹೆಣ್ಣಾ?" ಎಂದೆ.

ಅಕ್ಕ ನನ್ನನ್ನೇ ನೋಡಿದರು. "ಹೌದು. ತುಂಬ ಕೂದಲು ಇತ್ತು..."

ಸಂಜೆ ಅತ್ತೆಗೆ ಹೇಳಿದೆ. ಬೆಳಿಗ್ಗೆ ನೋಡಿದರೆ, ಅವರು ನಮ್ಮ ಅಂಗಳದಲ್ಲಿದ್ದ ಚಪ್ಪಟೆ ಮುರಕಲ್ಲುಗಳನ್ನು ಒಂದೊಂದಾಗಿ ಹೊತ್ತು ಪಾಗಾರದಾಚೆ ಒಯ್ಯುತ್ತಿದ್ದರು. ನಾವು ಮೂವರೂ ಸೇರಿ, ಗಿಡಗಳ ಬುಡಕ್ಕಷ್ಟೇ ಜಾಗ ಬಿಟ್ಟು, ಆ ಮೂಲೆಗೆಲ್ಲ ಕಲ್ಲು ಹಾಸಿದೆವು. ಕೆಲಸ ಮುಗಿದಾಗ ಅತ್ತೆ ಅಕ್ಕನ ಕೈಗಳನ್ನು ತಾವೇ ತೊಳೆದರು.

ಸ್ವಲ್ಪ ದಿನದಲ್ಲೇ ಬೆಕ್ಕು ನಮ್ಮ ಕಟ್ಟಿಗೆ ಕೊಟ್ಟಿಗೆಯಲ್ಲಿ ಮರಿ ಹಾಕಿತು. ಅಕ್ಕ ಹಾಲನ್ನ ಕಲಸಿ ತಂದರು. "ಬಾಣಂತಿ ಅಲ್ವಾ," ಎಂದರು.

ಆಮೇಲೆ ನಾವು ಬೆಳ್ತಂಗಡಿಗೆ ಹೋದೆವು. ಅರವತ್ತರ ದಶಕ ಮುಗಿಯುವ ಮೊದಲೇ ಅಕ್ಕ ತೀರಿಕೊಂಡ ಸುದ್ದಿ ಬಂತು, ಅತ್ತೆಯೂ ಹೋದರು, ಅಕ್ಕನ ಗಂಡನೂ ಹೋದರು... ಕಳೆದ ವರ್ಷ ಆ ಕೇರಿಗೆ ಹೋಗಿದ್ದೆ. ಮನೆ ಇಲ್ಲ. ಹಿತ್ತಲಿಗೆಲ್ಲ ಸಿಮೆಂಟು ಹಾಕಿ ವಾಹನ ನಿಲ್ಲಿಸುತ್ತಾರೆ. ಯಾವ ಕಡೆಗೆ ತಿರುಗಿ ಕೈ ಮುಗಿಯಬೇಕೆಂದು ತಿಳಿಯದೆ ನಿಂತೆ. ಅಲ್ಲೊಂದು ಹೆಣ್ಣುಮಗು ಮಲಗಿದೆಯೆಂದು ಬಲ್ಲವಳು ಈಗ ನಾನೊಬ್ಬಳೇ.